‘ಚರ್ಮದ ಸಂಪರ್ಕ’ ಎಂಬ ಮಾತಿಗೆ ಒಂದೇ ಮನೆಯಲ್ಲಿ ಎರಡು ಅರ್ಥ

ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್, ಲೈಂಗಿಕ ಸಂಪರ್ಕದಿಂದ ಹರಡುವ, ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗಬಲ್ಲ ಸೋಂಕು) ಪರೀಕ್ಷೆಯ ವರದಿಯನ್ನು ಹಿಡಿದು, ಆಪ್ತಸಲಹೆಗಾರ್ತಿಯಾದ ನನ್ನ ಕೋಣೆಗೆ ಬರುವವರು ಈಚೆಗೆ ಹೆಚ್ಚಾಗಿದ್ದಾರೆ. ಬೆಂಗಳೂರಿನಲ್ಲಿ ಉದ್ಯೋಗಕ್ಕೆ ಹೋಗುವ ಮಹಿಳೆಯರು ವರ್ಷದ ಆರೋಗ್ಯ ತಪಾಸಣೆಯ ಜೊತೆಯಲ್ಲಿ ಈ ಪರೀಕ್ಷೆಯನ್ನೂ ಮಾಡಿಸಿಕೊಳ್ಳುತ್ತಾರೆ. ಫಲಿತಾಂಶವು ವೈದ್ಯರು ವಿವರಿಸುವ ಮೊದಲೇ ಮೊಬೈಲಿಗೆ ಬಂದು ಬಿದ್ದಿರುತ್ತದೆ, ಮನೆಯಲ್ಲಿ ಅದನ್ನು ಮೊದಲು ಓದಿದವರು ತೀರ್ಪನ್ನೂ ಕೊಟ್ಟಾಗಿರುತ್ತದೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿರುವ ಪ್ರಕರಣವೂ ಅಂಥದ್ದೇ. ಇದನ್ನೇ ಆರಿಸಿಕೊಂಡದ್ದಕ್ಕೆ, ಮೊದಲ ಭೇಟಿಯಲ್ಲಿ ನಾನೇ ಎಡವಿದ್ದೂ ಒಂದು ಕಾರಣ.

ಆಕೆಗೆ ಮೂವತ್ತಮೂರು ವರ್ಷ. ವಿಜಯನಗರದ ಕಡೆ ಕೂಡುಕುಟುಂಬ, ಮದುವೆಯಾಗಿ ನಾಲ್ಕು ವರ್ಷ. ವರದಿಯಲ್ಲಿ, ಗರ್ಭಕಂಠದ ಕ್ಯಾನ್ಸರಿಗೆ ಎಲ್ಲಕ್ಕಿಂತ ಹೆಚ್ಚು ಕಾರಣವಾಗುವ 16 ಮತ್ತು 18ನೆಯ ಬಗೆಯ ವೈರಸ್‌ಗಳು ಇಲ್ಲವೆಂದೂ, ಹೆಚ್ಚು ಅಪಾಯದ ಇತರ ಬಗೆಗಳಲ್ಲಿ ಯಾವುದೋ ಇದೆಯೆಂದೂ ಬಂದಿತ್ತು. ಗರ್ಭಕಂಠದ ಜೀವಕೋಶಗಳನ್ನು ತೆಗೆದು ನೋಡುವ ಪ್ಯಾಪ್ ಪರೀಕ್ಷೆಯಲ್ಲಿ ಅವು ಸಹಜವಾಗಿದ್ದವು. ಒಂದು ವರ್ಷ ಬಿಟ್ಟು ಮತ್ತೆ ಪರೀಕ್ಷಿಸೋಣ ಎಂದು ಸ್ತ್ರೀರೋಗ ತಜ್ಞೆ ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಗಂಡ ಆ ವೇಳೆಗೆ, ‘ಮದುವೆಗೆ ಮುಂಚೆ ಯಾರು?’ ಎಂದು ಕೇಳಿಯಾಗಿತ್ತು.

ಮೊದಲ ದಿನ ಸಮಾಧಾನ ಮಾಡುವ ಅವಸರದಲ್ಲಿ ನಾನು, ಇದು ತೀರಾ ಸಾಮಾನ್ಯ, ಲೈಂಗಿಕ ಜೀವನವಿರುವ ಬಹುಪಾಲು ಜನರಿಗೆ ಒಂದಲ್ಲ ಒಂದು ಸಲ ಈ ಸೋಂಕು ತಗಲಿಯೇ ಇರುತ್ತದೆ ಎಂದುಬಿಟ್ಟೆ. ಮಾತು ನಿಜವೇ. ಆದರೆ ‘ನಿನ್ನಂಥವರು ಬಹಳ ಜನ ಇದ್ದಾರೆ’ ಎಂದು ನಾನು ಹೇಳಿದಂತೆ ಆಕೆಗೆ ಕೇಳಿಸಿತ್ತು. ಎರಡು ತಿಂಗಳು ಅವರು ನನ್ನ ಬಳಿ ಬರಲಿಲ್ಲ.

ಎರಡನೆಯ ಭೇಟಿಗೆ ಬಂದಾಗ ನಾನು ವರದಿಯ ಮಾತೆತ್ತಲಿಲ್ಲ, ಏಕೆಂದರೆ ಕಣ್ಣು ಅವರ ಕೈಗಳ ಮೇಲೆ ನಿಂತಿತ್ತು. ಬೆರಳಿನ ಗೆಣ್ಣುಗಳು ಬಿರಿದಿದ್ದವು, ಅಂಗೈಯ ಅಂಚಿನಲ್ಲಿ ಚರ್ಮ ಬಿಳಿಯಾಗಿ ಸುಲಿದಿತ್ತು. ಕೇಳಿದ ಮೇಲೆ ಒಂದೊಂದಾಗಿ ಹೊರಬಂತು: ಬೇರೆ ಬಕೆಟ್, ಬೇರೆ ಟವೆಲು, ಬಟ್ಟೆ ನೆನೆಸುವ ನೀರಿಗೂ ಮೈ ತೊಳೆಯುವ ನೀರಿಗೂ ಕ್ರಿಮಿನಾಶಕ ದ್ರಾವಣ. ‘ಒಳಗೂ ತೊಳೀತೀನಿ’ ಎಂದು ತಲೆ ತಗ್ಗಿಸಿದರು. ಬಳಿಕ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಓರಗಿತ್ತಿ ಮಗಳಿಗೆ ಜಡೆ ಹಾಕೋದನ್ನ ಬಿಟ್ಟಿದ್ದೀನಿ ಮೇಡಂ’ ಎಂದರು.

ಹುಡುಗಿಗೆ ಹನ್ನೊಂದು ವರ್ಷ. ಬೆಳಿಗ್ಗೆ ಶಾಲೆಯ ವ್ಯಾನು ಬರುವ ಮೊದಲು ಎರಡು ಜಡೆ ಹೆಣೆದು, ಮಡಿಸಿ, ರಿಬ್ಬನ್ ಕಟ್ಟುವ ಕೆಲಸ ಚಿಕ್ಕಮ್ಮನದೇ ಆಗಿತ್ತು. ಎರಡು ತಿಂಗಳಿಂದ ಮಣಿಕಟ್ಟು ನೋವೆಂದು ಸುಳ್ಳು ಹೇಳಿದ್ದರು. ಮಗು ತಾನೇ ಬಾಚಿಕೊಂಡು, ಬೈತಲೆ ಸೊಟ್ಟಗಿಟ್ಟುಕೊಂಡು ಶಾಲೆಗೆ ಹೋಗುತ್ತಿತ್ತು. ‘ಚರ್ಮದಿಂದ ಚರ್ಮಕ್ಕೆ ಹರಡುತ್ತೆ ಅಂತ ಓದಿದೆ. ನಂದೂ ಚರ್ಮ, ಅವಳದ್ದೂ ಚರ್ಮ ಅಲ್ವಾ?’

ಹಲವು ವರ್ಷಗಳಿಂದ ನಾನೂ ಬಾಯಿಪಾಠದಂತೆ ಹೇಳುತ್ತಿದ್ದ ‘ಚರ್ಮದ ಸಂಪರ್ಕ’ ಎಂಬ ಎರಡು ಪದಗಳು ಇಷ್ಟು ದೂರ ಹೋಗಬಲ್ಲವೆಂದು ನನಗೆ ಹೊಳೆದಿರಲಿಲ್ಲ. ಎಚ್‌ಪಿವಿ ಎಂಬುದು ಒಂದು ವೈರಸ್ ಅಲ್ಲ, ಇನ್ನೂರಕ್ಕೂ ಹೆಚ್ಚು ಬಗೆಗಳ ಬಳಗ. ಕೈಕಾಲುಗಳ ಮೇಲೆ ನರುಳ್ಳೆ ಎಬ್ಬಿಸುವ ಬಗೆಗಳು ಬೇರೆ. ಜನನಾಂಗದ ಚರ್ಮದಲ್ಲಿ ಮತ್ತು ಒಳಪದರದಲ್ಲಿ ನೆಲೆಸುವ ಸುಮಾರು ನಲವತ್ತು ಬಗೆಗಳು ಬೇರೆ. ಈ ಎರಡನೆಯ ಗುಂಪು ಹರಡುವುದು ಜನನಾಂಗದ ಭಾಗಗಳು ಪರಸ್ಪರ ತಾಗಿ ಉಜ್ಜಿದಾಗ ಅಥವಾ ಮುಖಮೈಥುನದಲ್ಲಿ. ಕಣ್ಣಿಗೆ ಕಾಣದಷ್ಟು ಸಣ್ಣ ತರಚುಗಳ ಮೂಲಕ ವೈರಸ್ ಚರ್ಮದ ತಳಪದರವನ್ನು ಸೇರುತ್ತದೆ. ಅದಕ್ಕೆ ರಕ್ತವೂ ಬೇಡ, ವೀರ್ಯವೂ ಬೇಡ, ಪೂರ್ಣ ಸಂಭೋಗವೂ ನಡೆದಿರಬೇಕೆಂದಿಲ್ಲ. ಆದರೆ ಜಡೆ ಹೆಣೆಯುವುದರಿಂದಾಗಲಿ, ಅಪ್ಪಿಕೊಳ್ಳುವುದರಿಂದಾಗಲಿ, ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದಾಗಲಿ ಅದು ಬರುವುದಿಲ್ಲ. ಒಳಗೆ ತೊಳೆಯುವುದನ್ನು ಅಂದೇ ನಿಲ್ಲಿಸಬೇಕೆಂದೆ. ಜೀವಕೋಶದೊಳಗೆ ಕುಳಿತ ವೈರಸ್ಸನ್ನು ಯಾವ ದ್ರಾವಣವೂ ತೊಳೆದು ತೆಗೆಯಲಾರದು, ನಾಶವಾಗುವುದು ಯೋನಿಯ ಸಹಜ ರಕ್ಷಣೆ ಮಾತ್ರ. ನಾಳೆ ಬೆಳಿಗ್ಗೆ ಜಡೆ ಹಾಕಿ ಎಂದು ನಾನು ಹೇಳಿದ್ದು ಸಲಹೆಗಿಂತ ಆದೇಶದಂತೆಯೇ ಇತ್ತು.

ಹೆಂಡತಿ ಆ ಮಾತನ್ನು ಇಡೀ ಮನೆಗೆ ಹಿಗ್ಗಿಸಿದ್ದರೆ, ಗಂಡ ಅದನ್ನು ತೀರಾ ಕುಗ್ಗಿಸಿದ್ದರು. ಮೂರನೆಯ ಭೇಟಿಗೆ ಬಂದಾಗ ಅವರ ವಾದ ಸಿದ್ಧವಾಗಿತ್ತು: ಮದುವೆಯಾದ ಮೇಲೆ ಎರಡು ವರ್ಷ ತಪ್ಪದೆ ಕಾಂಡೋಮ್ ಬಳಸಿದ್ದೇವೆ, ಆದ್ದರಿಂದ ಇದು ನನ್ನಿಂದ ಬಂದಿರಲು ಸಾಧ್ಯವಿಲ್ಲ. ಕಾಂಡೋಮ್ ಅಪಾಯವನ್ನು ಖಂಡಿತ ತಗ್ಗಿಸುತ್ತದೆ, ಬಿಡಬೇಡಿ ಎಂದೇ ಎಲ್ಲರಿಗೂ ಹೇಳುತ್ತೇನೆ. ಆದರೆ ಅದು ಮುಚ್ಚುವಷ್ಟನ್ನು ಮಾತ್ರ ಕಾಯುತ್ತದೆ. ವೃಷಣದ ಚರ್ಮ, ತೊಡೆಯ ಸಂದು, ಯೋನಿಯ ಹೊರಭಾಗ ತೆರೆದೇ ಇರುತ್ತವೆ. ಇರಚಲು ಮಳೆಗೆ ಛತ್ರಿ ಹಿಡಿದಂತೆ, ತಲೆ ನೆನೆಯುವುದಿಲ್ಲ, ಸೀರೆಯ ನೆರಿಗೆ ನೆನೆಯುತ್ತದೆ. ಹಾಗಾದರೆ ನನಗೂ ಪರೀಕ್ಷೆ ಮಾಡಿಸಿ ಎಂದರು. ಗಂಡಸರಿಗೆ ಇಂಥ ತಪಾಸಣೆ ವಾಡಿಕೆಯಲ್ಲಿಲ್ಲ, ರಕ್ತಪರೀಕ್ಷೆಯಲ್ಲಿ ಇದು ತಿಳಿಯುವುದೂ ಇಲ್ಲ ಎಂದಾಗ ಅವರಿಗೆ ಸಿಟ್ಟು ಬಂತು. ನನಗೂ ಅದು ಅನ್ಯಾಯವಾಗಿಯೇ ಕಾಣುತ್ತದೆ: ವೈರಸ್ ಇಬ್ಬರಲ್ಲೂ ಇರಬಹುದು, ಕಾಗದ ಮಾತ್ರ ಹೆಂಗಸಿನ ಹೆಸರಿನಲ್ಲಿ ಬರುತ್ತದೆ.

ಆಗ ಅವರು, ‘ನೀವಾದರೂ ಅವಳ ಹತ್ತಿರ ನಿಜ ಕೇಳಿ’ ಎಂದರು. ನಾನು ಕೇಳುವುದಿಲ್ಲ ಎಂದೆ. ಈ ಉತ್ತರಕ್ಕೆ ನನ್ನದೇ ವೃತ್ತಿಯವರೊಬ್ಬರು ಆಕ್ಷೇಪಿಸಿದ್ದಾರೆ. ದಂಪತಿಯ ನಡುವೆ ಮುಚ್ಚುಮರೆ ಇರಬಾರದು, ಹಿಂದಿನದನ್ನು ತೆರೆಯಲು ನೆರವಾಗುವುದೇ ಆಪ್ತಸಲಹೆ ಎಂಬುದು ಅವರ ನಿಲುವು. ನಾನು ಒಪ್ಪುವುದಿಲ್ಲ. ವರದಿಯ ಮೇಲೆ ಇರುವ ತಾರೀಕು ಮಾದರಿ ತೆಗೆದ ದಿನದ್ದು, ವೈರಸ್ ಬಂದ ದಿನದ್ದಲ್ಲ. ಎಚ್‌ಪಿವಿ ವರ್ಷಗಟ್ಟಲೆ ಲಕ್ಷಣವಿಲ್ಲದೆ ಇದ್ದು, ಪರೀಕ್ಷೆಗೆ ಸಿಗದಷ್ಟು ಅಡಗಿ, ಮತ್ತೆ ತಲೆಯೆತ್ತಬಹುದು. ಆಕೆಯಿಂದ ಬಂತೋ, ಆತನಿಂದ ಬಂತೋ, ಯಾವ ವರ್ಷ ಬಂತೋ ಎಂದು ತೋರಿಸುವ ಪರೀಕ್ಷೆಯೇ ಇಲ್ಲ. ಉತ್ತರವನ್ನು ತಾಳೆ ನೋಡಲು ಏನೂ ಇಲ್ಲದಿರುವಾಗ ಪ್ರಶ್ನೆ ಕೇಳಿಸುವುದು ವಿಚಾರಣೆಯಾಗುತ್ತದೆ, ಆ ಕೆಲಸಕ್ಕೆ ನನ್ನ ಕೋಣೆಯನ್ನು ಕೊಡಲಾರೆ. ಸಂಗಾತಿಗೆ ಕೂಡಲೇ ಚಿಕಿತ್ಸೆ ಬೇಕಾದ ಗೊನೋರಿಯಾದಂಥ ಸೋಂಕಾಗಿದ್ದರೆ ನನ್ನ ಮಾತು ಬೇರೆಯೇ ಇರುತ್ತಿತ್ತು.

ಬದಲಿಗೆ ಇಬ್ಬರಿಗೂ ಹೇಳಿದ್ದು ಮುಂದಿನ ವರ್ಷದ ಬಗ್ಗೆ. ಹೆಚ್ಚಿನವರಲ್ಲಿ ದೇಹವೇ ಈ ಸೋಂಕನ್ನು ಒಂದೆರಡು ವರ್ಷಗಳಲ್ಲಿ ಅಡಗಿಸುತ್ತದೆ. ಹಾಗೆ ಅಡಗದೆ ಉಳಿದದ್ದು ಕ್ಯಾನ್ಸರಿಗೆ ತಿರುಗಲು ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ ಹಿಡಿಯುವುದರಿಂದ, ಹೇಳಿದ ದಿನಕ್ಕೆ ಮರುಪರೀಕ್ಷೆ ಮಾಡಿಸಿದರೆ ಅದಕ್ಕೆ ಮೊದಲೇ ತಡೆಯಬಹುದು. ಗಂಡನ ಸಿಗರೇಟಿನ ಮಾತನ್ನೂ ಬಿಡಲಿಲ್ಲ. ತಂಬಾಕಿನ ಹೊಗೆ, ಸೇದುವವರ ಪಕ್ಕದಲ್ಲಿ ಕುಳಿತು ಉಸಿರಾಡಿದ್ದೂ ಸೇರಿ, ಈ ವಿಷಯದಲ್ಲಿ ಒಳ್ಳೆಯದಲ್ಲ. ಅತ್ತೆಗೆ, ಓರಗಿತ್ತಿಗೆ ವರದಿ ತೋರಿಸಬೇಕಾದ ಯಾವ ಕರ್ತವ್ಯವೂ ಆಕೆಗಿಲ್ಲ ಎಂದೂ ಹೇಳಿದೆ.

ಲಸಿಕೆಯ ಮಾತು ತಾನಾಗಿ ಬಂತು. ಈಗಾಗಲೇ ಇರುವ ಸೋಂಕನ್ನು ಅದು ಗುಣಪಡಿಸುವುದಿಲ್ಲ, ವೈರಸ್ ತಾಗುವ ಮೊದಲೇ ಕೊಟ್ಟರೆ ಪ್ರಯೋಜನ ಅತಿ ಹೆಚ್ಚು ಎಂದಾಗ ಆಕೆ ಕೇಳಿದ್ದು ತನ್ನ ಬಗ್ಗೆಯಲ್ಲ, ಹುಡುಗಿಯ ಬಗ್ಗೆ. ಒಂಬತ್ತರಿಂದ ಹದಿನಾಲ್ಕರ ವಯಸ್ಸಿನಲ್ಲಿ ಆರು ತಿಂಗಳ ಅಂತರದ ಎರಡು ಡೋಸ್ ವಾಡಿಕೆ, ಹದಿನೈದು ತುಂಬಿದ ಮೇಲೆ ಮೂರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದೇ ಡೋಸನ್ನೂ ಒಪ್ಪಿದೆ. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ 2023ರಲ್ಲಿ ಬಂದ ಮೇಲೆ ನಮ್ಮ ದೇಶದ್ದೇ ಲಸಿಕೆಯೂ ಇದೆ. ಗರ್ಭಕಂಠದ ಕ್ಯಾನ್ಸರುಗಳಲ್ಲಿ ಸುಮಾರು ಶೇಕಡ 70ಕ್ಕೆ ಕಾರಣವಾದ 16 ಮತ್ತು 18ನೆಯ ಬಗೆಗಳನ್ನು ಅದು ತಡೆಯುತ್ತದೆ. ಲಸಿಕೆ ಹಾಕಿಸಿಕೊಂಡವರಿಗೂ ಮುಂದೆ ತಪಾಸಣೆ ಬೇಕೇ ಬೇಕು ಎಂಬುದನ್ನು ಎರಡು ಸಲ ಹೇಳಿದೆ. ಓರಗಿತ್ತಿಗೆ ಏನೆಂದು ಹೇಳಲಿ ಎಂದರು. ಶಾಲೆಯ ಬೇರೆ ಮಕ್ಕಳ ತಾಯಂದಿರು ಕೇಳುವಂತೆಯೇ ಮಕ್ಕಳ ವೈದ್ಯರನ್ನು ಕೇಳಲು ಹೇಳಿ, ನಿಮ್ಮ ಕಥೆ ಅಲ್ಲಿಗೆ ಬೇಕಿಲ್ಲ ಎಂದೆ.

ಕೊನೆಯ ಭೇಟಿಯಲ್ಲಿ ಕೈಗಳು ವಾಸಿಯಾಗಿದ್ದವು. ಗಂಡ ಈಗ ಏನೂ ಕೇಳುವುದಿಲ್ಲವೆಂದೂ, ಆದರೆ ವರದಿಯನ್ನು ತನ್ನ ಬೀರುವಿನಲ್ಲೇ ಇಟ್ಟುಕೊಂಡಿದ್ದಾರೆಂದೂ ಹೇಳಿದರು. ಮರುಪರೀಕ್ಷೆಯ ದಿನ ವೈದ್ಯರಿಗೆ ಅದು ಬೇಕಾಗುತ್ತದೆ, ಕೇಳಿ ಇಸಿದುಕೊಂಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ ಎಂದು ಕಳಿಸಿದೆ.