15 ಕೋಟಿ ಡಿಗ್ರಿ ಬಿಸಿಗೆ ಹಿಮದ ಗುಂಡು ಯಾಕೆ?

ಪ್ರಶ್ನೆ: ಹಗುರ ಪರಮಾಣುಗಳನ್ನು ಬೆಸೆದು ಶಕ್ತಿ ತೆಗೆಯುವ ಫ್ಯೂಶನ್ ರಿಯಾಕ್ಟರ್‌ಗೆ ಇಂಧನವನ್ನು ಹೆಪ್ಪುಗಟ್ಟಿಸಿ ಗುಂಡಿನ ಹಾಗೆ ಹಾರಿಸುತ್ತಾರೆ ಅಂತ ಓದಿದೆ. ಒಳಗಿನ ಪ್ಲಾಸ್ಮಾ (ವಿದ್ಯುತ್ ಆವೇಶದ ಕಣಗಳಾಗಿ ಒಡೆದ ಗ್ಯಾಸ್) ಕೋಟಿಗಟ್ಟಲೆ ಡಿಗ್ರಿ ಬಿಸಿ ಇರುತ್ತದಲ್ಲ, ಗುಂಡು ಬಾಗಿಲಲ್ಲೇ ಆವಿಯಾಗಿ ಹೋಗುವುದಿಲ್ವಾ? ಅಷ್ಟು ಕಷ್ಟ ಯಾಕೆ, ಸುಮ್ನೆ ಗ್ಯಾಸ್ ಬಿಟ್ಟರೆ ಸಾಲದಾ?
– ಪಿಯುಸಿ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಮೊದಲು ಗ್ಯಾಸ್ ವಿಷಯ ಮುಗಿಸಿಬಿಡೋಣ. ಗ್ಯಾಸ್ ಬಿಡುತ್ತಾರೆ, ಟೋಕಮಾಕ್ (ಪ್ಲಾಸ್ಮಾವನ್ನು ಕಾಂತಕ್ಷೇತ್ರದಿಂದ ಹಿಡಿದಿಡುವ ಬಳೆಯಾಕಾರದ ಫ್ಯೂಶನ್ ಯಂತ್ರ) ಶುರುವಾಗುವುದೇ ಗ್ಯಾಸ್‌ನಿಂದ. ಆದರೆ ಪ್ಲಾಸ್ಮಾ ಚೆನ್ನಾಗಿ ಬಿಸಿಯಾದ ಮೇಲೆ ಹೊರಗಿನಿಂದ ಬಿಟ್ಟ ಗ್ಯಾಸ್ ಅಂಚಿನಲ್ಲೇ ಅಯಾನು, ಅಂದರೆ ವಿದ್ಯುತ್ ಆವೇಶದ ಕಣ, ಆಗಿಬಿಡುತ್ತದೆ. ಅಯಾನು ಆಯಿತೋ, ಕಾಂತಕ್ಷೇತ್ರ ಅದನ್ನು ಹಿಡಿದುಕೊಳ್ಳುತ್ತದೆ, ನಡುವಿಗೆ ಸುಲಭವಾಗಿ ಬಿಡುವುದಿಲ್ಲ. ಆವೇಶ ಇಲ್ಲದ ಹೆಪ್ಪುಗಟ್ಟಿದ ಗುಂಡಿಗೆ, ಅಂದರೆ ಪೆಲೆಟ್‌ಗೆ, ಈ ತಡೆ ಇಲ್ಲ. 1983ರಲ್ಲಿ ಅಮೆರಿಕದ ಎಂಐಟಿಯ ಆಲ್ಕೇಟರ್-ಸಿ ಯಂತ್ರ, ಸಾಂದ್ರತೆಯನ್ನು ಶಾಖ ಹಿಡಿದಿಡುವ ಸಮಯದಿಂದ ಗುಣಿಸಿದರೆ ಬರುವ ಲೆಕ್ಕದಲ್ಲಿ ಹಾಕಿದಷ್ಟು ಶಕ್ತಿ ಮರಳಿ ಬರಲು ಬೇಕು ಎಂದು ಲಾಸನ್ ಎಂಬ ವಿಜ್ಞಾನಿ ಹೇಳಿದ ಮಟ್ಟ ಮುಟ್ಟಿತು. ಅದಕ್ಕೆ ನೆರವಾದದ್ದು ಪೆಲೆಟ್‌ಗಳೇ. ತಾಪ ಮಾತ್ರ ಆಗ ಇನ್ನೂ ಸಾಲುತ್ತಿರಲಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಆವಿಯಾಗುತ್ತದೆ, ಆಗಲೇಬೇಕು. ಆವಿಯಾಗದೆ ಆಚೆ ಗೋಡೆಗೆ ಬಡಿದರೆ ಇಂಧನ ಹಾಕಿ ಏನು ಪ್ರಯೋಜನ? ಎಲ್ಲಿ ಆವಿಯಾಗುತ್ತದೆ ಅನ್ನುವುದೇ ಇಲ್ಲಿ ಮುಖ್ಯ.

ದೋಸೆ ಹುಯ್ಯುವ ಮುಂಚೆ ಕಾದ ಕಾವಲಿಗೆ ನೀರು ಚಿಮುಕಿಸಿದ್ದೀರಾ? ಕಾವಲಿ ಹದವಾಗಿದ್ದರೆ ಹನಿ ಚುಂಯ್ ಅಂದು ತಕ್ಷಣ ಆರುತ್ತದೆ. ವಿಪರೀತ ಕಾದಿದ್ದರೆ ಅದೇ ಹನಿ ಮುತ್ತಿನಂತೆ ಉರುಳಾಡುತ್ತಾ ಸ್ವಲ್ಪ ಹೊತ್ತು ಉಳಿಯುತ್ತದೆ. ಕಾರಣ, ಹನಿಯ ಕೆಳಗೆ ಅದರದ್ದೇ ಆವಿ ಹಾಸಿಗೆಯಾಗಿ ನಿಂತು ಶಾಖ ತಡೆಯುತ್ತದೆ. ಪೆಲೆಟ್ ಬದುಕುವುದೂ ಹೆಚ್ಚುಕಡಿಮೆ ಹೀಗೆಯೇ.

ಇಂಧನವಾದ ಡ್ಯುಟೀರಿಯಂ (ಭಾರದ ಹೈಡ್ರೋಜನ್) ಹೆಪ್ಪುಗಟ್ಟಲು ಮೈನಸ್ 255 ಡಿಗ್ರಿ ಆಸುಪಾಸಿನ ಚಳಿ ಬೇಕು. ಅದನ್ನು ಆವಿ ಮಾಡಲು ಬೇಕಾದ ಶಕ್ತಿ ಮಾತ್ರ ತೀರಾ ಕಡಿಮೆ. ಬಿಸಿ ಪ್ಲಾಸ್ಮಾದ ಎಲೆಕ್ಟ್ರಾನುಗಳು ನೇರವಾಗಿ ಬಡಿದರೆ ಕೆಲವು ಮಿಲಿಮೀಟರ್ ದಪ್ಪದ ಗುಂಡು ಒಂದು ಮೈಕ್ರೋಸೆಕೆಂಡ್ ಸುತ್ತಮುತ್ತ ಮುಗಿದುಹೋಗಬೇಕು ಅನ್ನುತ್ತದೆ ಲೆಕ್ಕ. ಸೆಕೆಂಡಿಗೆ 500 ಮೀಟರ್ ವೇಗದಲ್ಲಿ ಹೊರಟ ಗುಂಡು ಅಷ್ಟರಲ್ಲಿ ಹೋಗುವುದು ಅರ್ಧ ಮಿಲಿಮೀಟರ್! ಆದರೆ ನಿಜವಾಗಿ ಅದು ಮಿಲಿಸೆಕೆಂಡ್ ಲೆಕ್ಕದಲ್ಲಿ ಉಳಿಯುತ್ತದೆ. ಅಂದರೆ ಹತ್ತಾರು ಸೆಂಟಿಮೀಟರ್ ಒಳಗೆ ನುಗ್ಗುತ್ತದೆ. ಮೊದಲ ಏಟಿಗೇ ಎದ್ದ ತಣ್ಣನೆಯ ಗ್ಯಾಸ್ ಗುಂಡಿನ ಸುತ್ತ ಮೋಡದ ಹಾಗೆ ಕವಿಯುತ್ತದೆ. ಆಮೇಲೆ ಬಂದ ಎಲೆಕ್ಟ್ರಾನುಗಳು ಆ ಮೋಡದಲ್ಲೇ ಶಕ್ತಿ ಕಳೆದುಕೊಳ್ಳುತ್ತವೆ. ಶಾಖ ಜಾಸ್ತಿಯಾದರೆ ಮೋಡ ದಟ್ಟವಾಗುತ್ತದೆ, ಮೋಡ ದಟ್ಟವಾದರೆ ಗುಂಡಿಗೆ ತಲುಪುವ ಶಾಖ ತಗ್ಗುತ್ತದೆ. ಹೀಗೆ ಗುಂಡು ತನ್ನ ಸವೆತವನ್ನು ತಾನೇ ಹತೋಟಿಯಲ್ಲಿ ಇಟ್ಟುಕೊಳ್ಳುತ್ತದೆ.

ಇದನ್ನು 1978ರಲ್ಲಿ ವಿಜ್ಞಾನಿಗಳಾದ ಪಾರ್ಕ್ಸ್ ಮತ್ತು ಟರ್ನ್‌ಬುಲ್ ಲೆಕ್ಕಕ್ಕೆ ಇಳಿಸಿದರು. ಅವರ ಸೂತ್ರದ ಪ್ರಕಾರ ಪ್ಲಾಸ್ಮಾದ ಸಾಂದ್ರತೆ ಇಮ್ಮಡಿಯಾದರೂ ಸವೆತದ ದರ ಏರುವುದು ಸುಮಾರು ಕಾಲು ಭಾಗ ಮಾತ್ರ. ತಾಪ ಇಮ್ಮಡಿಯಾದರೆ ಮಾತ್ರ ದರ ಮೂರು ಪಟ್ಟು ದಾಟುತ್ತದೆ, ಯಾಕೆಂದರೆ ಹೆಚ್ಚು ಶಕ್ತಿಯ ಎಲೆಕ್ಟ್ರಾನು ಮೋಡವನ್ನು ಸುಲಭವಾಗಿ ತೂರಿಬರುತ್ತದೆ. ಅದಕ್ಕೇ 15 ಕೋಟಿ ಡಿಗ್ರಿಯ ಗುರಿ ಇಟ್ಟುಕೊಂಡ ಫ್ರಾನ್ಸ್‌ನಲ್ಲಿ ಕಟ್ಟುತ್ತಿರುವ ದೊಡ್ಡ ಟೋಕಮಾಕ್ ಈಟರ್‌ನಲ್ಲಿ ಪೆಲೆಟ್ ನಡುವಿನವರೆಗೆ ಹೋಗುವುದಿಲ್ಲ. ಅಂಚು ದಾಟಿ ಒಂದಿಷ್ಟು ಒಳಗೆ ಹೋಗಿ ಮುಗಿಯುತ್ತದೆ.

ಹಾಗಾದರೆ ಉಳಿದ ದಾರಿ? ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದು. ಆ ಮೋಡವೂ ಕೊನೆಗೆ ಅಯಾನು ಆಗಿ, ಕಾಂತರೇಖೆಗಳ ಉದ್ದಕ್ಕೂ ಚಾಚಿಕೊಳ್ಳುತ್ತದೆ. ವೇಗದ ಕ್ಯಾಮೆರಾದ ಚಿತ್ರಗಳಲ್ಲಿ ಅದು ಪಟ್ಟೆಪಟ್ಟೆಯಾಗಿ ಹೊಳೆಯುತ್ತದೆ. ಟೋಕಮಾಕ್‌ನ ಬಳೆಯಾಕಾರದಲ್ಲಿ ಒಳಮಗ್ಗುಲಿಗೆ (ಬಳೆಯ ತೂತಿನ ಕಡೆಗೆ) ಕಾಂತಕ್ಷೇತ್ರ ಜೋರು, ಹೊರಮಗ್ಗುಲಿಗೆ ಕಡಿಮೆ. ದಟ್ಟ ಮೋಡ ಯಾವಾಗಲೂ ಕ್ಷೇತ್ರ ಕಡಿಮೆ ಇರುವ ಕಡೆಗೆ ಸರಿಯುತ್ತದೆ. ಹೊರಮಗ್ಗುಲಿಂದ ಹೊಡೆದರೆ ಇಂಧನ ವಾಪಸ್ ಹೊರಕ್ಕೇ ಬರುತ್ತದೆ. 1997ರಲ್ಲಿ ಜರ್ಮನಿಯ ಗಾರ್ಚಿಂಗ್‌ನ ಆಸ್‌ಡೆಕ್ಸ್ ಅಪ್‌ಗ್ರೇಡ್ ಎಂಬ ಟೋಕಮಾಕ್‌ನ ತಂಡ ಒಳಮಗ್ಗುಲಿಂದ ಹೊಡೆದು ತೋರಿಸಿತು: ಅದೇ ಸರಿಯುವಿಕೆ ಈಗ ಇಂಧನವನ್ನು ನಡುವಿಗೆ ತಳ್ಳಿತು.

ಒಳಮಗ್ಗುಲಿಗೆ ತಲುಪಲು ಬಾಗಿದ ಕೊಳವೆಯೇ ದಾರಿ. ಜೋರಾಗಿ ಹೊಡೆದರೆ ಗುಂಡು ತಿರುವಿನಲ್ಲೇ ಪುಡಿಯಾಗುತ್ತದೆ. ಹಾಗಾಗಿ ಈಟರ್‌ನಲ್ಲಿ ವೇಗ ಸೆಕೆಂಡಿಗೆ ಸುಮಾರು 300 ಮೀಟರ್. ಗುಂಡು ಮಾಡುವ ಯಂತ್ರ ನೋಡಿದರೆ ನಮ್ಮ ಚಕ್ಕುಲಿ ಒರಳೇ ನೆನಪಾಗುತ್ತದೆ: ಗಟ್ಟಿಯಾದ ಇಂಧನವನ್ನು ರಂಧ್ರದಿಂದ ಒತ್ತಿ, ತುಂಡು ಮಾಡುತ್ತಾರೆ. ಹಾರಿಸಲು ಒತ್ತಡದ ಗ್ಯಾಸ್ ಬಳಸುತ್ತಾರೆ, ಗಾರ್ಚಿಂಗ್‌ನಲ್ಲಿ ಕವಣೆಯಂತೆ ತಿರುಗಿಸಿ ಎಸೆಯುವ ಯಂತ್ರವೂ ಇದೆ.

ತಮಾಷೆ ಏನೆಂದರೆ, ಗುಂಡನ್ನು ಬೇಕೆಂದೇ ಪುಡಿ ಮಾಡುವ ಸಂದರ್ಭವೂ ಉಂಟು. ಪ್ಲಾಸ್ಮಾ ಹತೋಟಿ ತಪ್ಪುವಾಗ ಅದನ್ನು ತಣಿಸಲು ಈಟರ್‌ನಲ್ಲಿ ಸುಮಾರು 28 ಮಿಲಿಮೀಟರ್ ದಪ್ಪದ ಹೈಡ್ರೋಜನ್-ನಿಯಾನ್ ಪೆಲೆಟ್‌ಗಳು ಕಾದಿರುತ್ತವೆ. ಅಷ್ಟು ದೊಡ್ಡ ಗುಂಡು ಹಾಗೇ ಹೋದರೆ ತನ್ನ ಮೋಡದ ಮರೆಯಲ್ಲಿ ಪೂರ್ತಿ ಕರಗದೆ ಗೋಡೆಗೆ ಬಡಿಯಬಹುದು. ಅದಕ್ಕೇ ಅದನ್ನು ಕೊಳವೆಯ ತುದಿಯ ತಿರುವಿಗೆ ಬಡಿದು ಚೂರು ಮಾಡಿ ಒಳಗೆ ಬಿಡುತ್ತಾರೆ.