ಓದುಗರ ಪ್ರಶ್ನೆ: ತಡರಾತ್ರಿ ಟಿವಿಯ ಪ್ರೊಡ್ಯೂಸರ್

ಪ್ರಶ್ನೆ: ಅಮೆರಿಕದ ತಡರಾತ್ರಿ ಟಾಕ್ ಶೋಗಳಲ್ಲಿ ಎಲ್ಲವೂ ನಿರೂಪಕರದ್ದೇ ಅನ್ನಿಸುತ್ತದೆ. ಪ್ರೊಡ್ಯೂಸರ್‌ಗೆ ಅಲ್ಲೇನು ಕೆಲಸ?
– ಓದುಗರು, ಬಸವನಗುಡಿ

ಉತ್ತರ: ಯಾರನ್ನು ಕರೆಯಬೇಕು, ಯಾರ ನಂತರ ಯಾರು, ಮಾತು ಸಪ್ಪೆಯಾದಾಗ ಎಲ್ಲಿ ನಿಲ್ಲಿಸಬೇಕು ಎಂಬ ತೀರ್ಮಾನ ಅವರದು. ಫ್ರೆಡ್ ಡಿ ಕಾರ್ಡೋವಾ ಅವರನ್ನೇ ನೋಡಿ. ಸಿನಿಮಾ ನಿರ್ದೇಶಕರಾಗಿದ್ದ ಅವರು 1970ರಲ್ಲಿ ಜಾನಿ ಕಾರ್ಸನ್ ಅವರ 'ದಿ ಟುನೈಟ್ ಶೋ' ಸೇರಿ, 1992ರಲ್ಲಿ ಕಾರ್ಸನ್ ವಿದಾಯ ಹೇಳುವವರೆಗೂ ಜೊತೆಗಿದ್ದರು. ಚಿತ್ರೀಕರಣದ ವೇಳೆ ಕ್ಯಾಮೆರಾಗೆ ಕಾಣದಂತೆ ಕಾರ್ಸನ್ ಮೇಜಿನ ಹತ್ತಿರವೇ ಕೂತು ಸನ್ನೆ ಮಾಡುತ್ತಿದ್ದರು. 1980ರಲ್ಲಿ ಆ ಶೋ 90 ನಿಮಿಷದಿಂದ 60ಕ್ಕೆ ಇಳಿಯಿತು. ಅರ್ಧ ಗಂಟೆ ಕಡಿಮೆಯಾದಾಗ ಯಾರನ್ನು ಕೈಬಿಡಬೇಕು ಎಂಬುದೇ ಪ್ರೊಡ್ಯೂಸರ್‌ನ ನಿಜವಾದ ಕಷ್ಟ.

ಪ್ರಶ್ನೆ: ಪತ್ರಿಕೋದ್ಯಮದಲ್ಲಿ ಎಂಎ ಆಗಿದೆ. ಬೆಂಗಳೂರಿನ ಸುದ್ದಿವಾಹಿನಿಯಲ್ಲಿ ರಾತ್ರಿ ಬುಲೆಟಿನ್ ಪ್ರೊಡ್ಯೂಸರ್ ಆಗಲು ಏನು ಕಲಿಯಬೇಕು?
– ಓದುಗರು, ವಿಜಯನಗರ

ಉತ್ತರ: ಮೊದಲು ಸಮಯದ ಲೆಕ್ಕ ಕಲಿಯಿರಿ. ಜಾಹೀರಾತು ಗಂಟೆಗೆ 12 ನಿಮಿಷ ಮೀರಬಾರದೆಂಬುದು ಕೇಬಲ್ ಟಿವಿ ನಿಯಮ. ಅರ್ಧ ಗಂಟೆಯಲ್ಲಿ ಆರು ನಿಮಿಷ ಹೋದರೆ ಉಳಿಯುವುದು 24. ರನ್‌ಡೌನ್‌ನಲ್ಲಿ (ಬುಲೆಟಿನ್‌ನ ಸುದ್ದಿಗಳ ಅನುಕ್ರಮ ಪಟ್ಟಿ) ಪ್ರತಿ ಸುದ್ದಿಯ ಎದುರು ಸೆಕೆಂಡ್ ಬರೆದು, ಕೊನೆಯಿಂದ ಹಿಂದಕ್ಕೆ ಕಳೆಯುತ್ತ ಬನ್ನಿ. ಬುಲೆಟಿನ್ 11.30ಕ್ಕೆ ಮುಗಿಯಬೇಕು, ವಿದಾಯಕ್ಕೆ 20 ಸೆಕೆಂಡ್, ಮತ್ತೊಮ್ಮೆ ಮುಖ್ಯಾಂಶಗಳಿಗೆ 40 ಸೆಕೆಂಡ್ ಎಂದಾದರೆ, ಕೊನೆಯ ಸುದ್ದಿ 11.29ಕ್ಕೆ ಮುಗಿದಿರಲೇಬೇಕು. ನಿರೂಪಕರ ಕೈಲಿ 100 ಪದ ಓದಿಸಿ ಸ್ಟಾಪ್‌ವಾಚ್ ಹಿಡಿಯಿರಿ; ಒಬ್ಬೊಬ್ಬರ ವೇಗ ಒಂದೊಂದು. ಬೈಟ್ (ಯಾರದಾದರೂ ಮಾತಿನ ತುಣುಕು) ಇಲ್ಲದ ಒಂದೆರಡು ಚಿಕ್ಕ ಸುದ್ದಿಗಳನ್ನು ಕೊನೆಯಲ್ಲಿಡಿ. ಸಮಯ ಉಳಿದರೆ ಓದಿಸಬಹುದು, ಇಲ್ಲದಿದ್ದರೆ ಬಿಡಬಹುದು.

ಹೆಚ್ಚು ಕೆಡುವುದು ಲೈವ್. ವರದಿಗಾರರ ಬ್ಯಾಕ್‌ಪ್ಯಾಕ್ (ಬೆನ್ನಿಗೆ ಹಾಕುವ ಪ್ರಸಾರ ಸಾಧನ) ಹಲವು ಮೊಬೈಲ್ ಸಿಮ್‌ಗಳ ಡೇಟಾ ಒಟ್ಟುಗೂಡಿಸಿ ಚಿತ್ರ ಕಳಿಸುತ್ತದೆ, ಹಾಗಾಗಿ ಕೆಲವು ಸೆಕೆಂಡ್ ತಡ ಇದ್ದೇ ಇರುತ್ತದೆ. ಉತ್ತರ ಬರಲಿಲ್ಲವೆಂದು ನಿರೂಪಕರು ಮತ್ತೆ ಕೇಳಿದರೆ ಎರಡೂ ದನಿ ಡಿಕ್ಕಿ ಹೊಡೆಯುತ್ತವೆ. ಒಮ್ಮೆ ಕೇಳಿ ಸುಮ್ಮನಿರಲು ಮೊದಲೇ ಹೇಳಿಡಿ. ವರದಿಗಾರರ ಇಯರ್‌ಪೀಸ್‌ಗೆ ಅವರದೇ ದನಿ ತಡವಾಗಿ ವಾಪಸ್ ಹೋದರೆ ಮಾತು ತೊದಲುತ್ತದೆ; ಅವರ ದನಿಯೊಂದನ್ನು ಬಿಟ್ಟು ಉಳಿದದ್ದನ್ನು ಕಳಿಸುವಂತೆ ಪಿಸಿಆರ್‌ನ (ಪ್ರಸಾರ ನಿಯಂತ್ರಿಸುವ ಕೋಣೆ) ಆಡಿಯೊ ಎಂಜಿನಿಯರ್‌ಗೆ ತಿಳಿಸಿ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಂದ್ಯ ಮುಗಿದ ಹೊತ್ತಿಗೆ ಸಾವಿರಾರು ಫೋನ್‌ಗಳು ಒಂದೇ ಟವರ್‌ಗೆ ಮುಗಿಬೀಳುತ್ತವೆ, ಚಿತ್ರ ಒಡೆಯುತ್ತದೆ. ಅಂಥ ರಾತ್ರಿ ಫೋನೊ (ಫೋನಿನಲ್ಲೇ ವರದಿ) ಸಿದ್ಧವಿರಲಿ, ಜೊತೆಗೆ ಒಂದು ನಿಮಿಷದ ದೃಶ್ಯವೂ ಇರಲಿ.

ರಾತ್ರಿ ಪಾಳಿಗೇ ಅಂಟಿದ ಇನ್ನೊಂದು ತಪ್ಪು: 11 ಗಂಟೆಗೆ ಬರೆದ 'ಇಂದು' 12 ದಾಟಿದರೆ 'ನಿನ್ನೆ'. ಬೆಳಗಿನ ಜಾವ ಮರುಪ್ರಸಾರವಾಗುವ ಬುಲೆಟಿನ್‌ನಲ್ಲಿ ವಾರದ ಹೆಸರೇ ಬಳಸಿ. ಪರದೆಯ ಮೇಲಿನ 'ಲೈವ್' ಪಟ್ಟಿಯನ್ನು ತಪ್ಪದೆ ತೆಗೆಸಿ. ಹಳೆಯ ದೃಶ್ಯಕ್ಕೆ 'ಸಂಗ್ರಹ ಚಿತ್ರ' ಎಂದು ಬರೆಸದಿದ್ದರೆ ನೋಡುಗರಿಗೆ ಸುಳ್ಳು ಹೇಳಿದಂತೆಯೇ. ಇದರಲ್ಲಿ ರಿಯಾಯಿತಿ ಬೇಡ.

ಪ್ರಶ್ನೆ: ಮಗಳಿಗೆ ಇದೇ ಕೆಲಸ ಸಿಕ್ಕಿದೆ. ನಿದ್ದೆ, ಊಟದ ಕಥೆ?
– ತಾಯಿ, ಮಲ್ಲೇಶ್ವರ

ಉತ್ತರ: ಪಾಳಿ ಬೆಳಿಗ್ಗೆ 6ಕ್ಕೆ ಮುಗಿಯುವುದಾದರೆ ಕೊನೆಯ ಕಾಫಿ 1ರೊಳಗೆ ಆಗಲಿ. ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಊಟ ಮನೆಯಲ್ಲೇ ಮಾಡಿ ಹೋಗಲಿ. ನಡುರಾತ್ರಿ ಬಿರಿಯಾನಿ ತರಿಸಿಕೊಂಡರೆ ಮೂರು ಗಂಟೆಗೆ ಕಣ್ಣೆಳೆಯುತ್ತದೆ. ಸ್ಕೂಟರ್ ಬೇಡವೇ ಬೇಡ, ಬೆಳಗಿನ ಜಾವ ತೂಕಡಿಕೆ ಹೆಚ್ಚು. ಕಚೇರಿಯ ಕ್ಯಾಬ್ ಮನೆ ಬಾಗಿಲಿಗೇ ಬಿಡುತ್ತದೆಯೇ ಎಂದು ಸೇರುವ ಮುನ್ನವೇ ಬರವಣಿಗೆಯಲ್ಲಿ ಕೇಳಿ ಪಡೆಯಲಿ. ಕೋಣೆಗೆ ದಪ್ಪ ಕಪ್ಪು ಪರದೆ ಹಾಕಿಸಿ, ಮಧ್ಯಾಹ್ನದವರೆಗೆ ಯಾರೂ ಕದ ತಟ್ಟದಂತೆ ನೋಡಿಕೊಳ್ಳಿ.