ಊರಿನ ರೋಡಿಯೋದಲ್ಲಿ ತೆರೆಮರೆಯಲ್ಲೇ ದುಡಿಯುವ ಹಿರಿಯರಿಗೆ ಸನ್ಮಾನ ಮಾಡುವುದು ಹೇಗೆ?

ನೀವು ಬರೆದಿರುವುದು: ಟೆಕ್ಸಾಸ್‌ನ ಸಣ್ಣ ಊರೊಂದರ ರೋಡಿಯೋ (ಕುದುರೆ, ಗೂಳಿ ಸವಾರಿ ಸ್ಪರ್ಧೆಗಳ ಮೇಳ) ಸಮಿತಿಗೆ ಹೊಸದಾಗಿ ಸೇರಿದ್ದೀರಿ. ಇಪ್ಪತ್ತು ವರ್ಷದಿಂದ ಅಖಾಡದ ನೆಲ ಹದ ಮಾಡುತ್ತ, ಹಿಂಬದಿಯ ಗೇಟು ನೋಡಿಕೊಳ್ಳುತ್ತ ಬಂದ ಹಿರಿಯರೊಬ್ಬರಿಗೆ ಈ ಸಲ ಮರ್ಯಾದೆ ಮಾಡಬೇಕು. ನಮ್ಮ ಕಡೆಯ ಹಾಗೆ ಶಾಲು, ಹಾರ, ಫಲಕ ಆದೀತೇ ಎಂದು ಕೇಳಿದ್ದೀರಿ.

ಶಾಲು ಬೇಡ. ಗಾಳಿಗೆ ಪಟಪಟ ಹಾರುವ ಬಟ್ಟೆ, ಬಲೂನು, ಮಿಂಚುವ ಕಾಗದ ಇವೆಲ್ಲ ಕುದುರೆ ಬೆದರಲು ಸಾಕು. ಬಾವುಟ ಹೊತ್ತು ಬರುವ ಕುದುರೆಗಳನ್ನು ಅದಕ್ಕೆಂದೇ ಪಳಗಿಸಿರುತ್ತಾರೆ. ಗೇಟಿನಾಚೆ ಸರದಿಗೆ ಕಾದು ನಿಂತವು ಹಾಗಲ್ಲ. ಆ ಹಿರಿಯರು ಸವಾರಿ ಮಾಡುವವರಲ್ಲದಿದ್ದರೆ, ಗೌರವವೆಂದು ಯಾರದೋ ಕುದುರೆ ಹತ್ತಿಸಿ ಆರಂಭದ ಮೆರವಣಿಗೆಯಾದ ಗ್ರ್ಯಾಂಡ್ ಎಂಟ್ರಿಯಲ್ಲಿ ಕರೆತರುವ ಸಾಹಸವೂ ಬೇಡ. ಪಿಕಪ್ ಟ್ರಕ್ ಇದೆಯಲ್ಲ.

ಹೆಚ್ಚಿನ ಸಮಿತಿಗಳು ಎಡವುವುದು ಹೊತ್ತು ಆರಿಸುವುದರಲ್ಲಿ. ರಾಷ್ಟ್ರಗೀತೆ ಮುಗಿದ ಕೂಡಲೇ ಇಟ್ಟುಕೊಳ್ಳೋಣ, ಜನ ತುಂಬಿರುತ್ತಾರೆ ಅನ್ನಿಸುತ್ತದೆ. ಆದರೆ ಸಾಮಾನ್ಯವಾಗಿ ಮೊದಲ ಸ್ಪರ್ಧೆ ಬೇರ್‌ಬ್ಯಾಕ್, ಅಂದರೆ ಕುಪ್ಪಳಿಸುವ ಕುದುರೆಯ ಮೇಲೆ ಜೀನಿಲ್ಲದ ಸವಾರಿ. ಅಷ್ಟು ಹೊತ್ತಿಗೆ ಕುದುರೆಗಳು ಚೂಟ್ (ಅಖಾಡಕ್ಕೆ ಬಿಡುವ ಮುಂಚೆ ನಿಲ್ಲಿಸುವ ಇಕ್ಕಟ್ಟಾದ ಕಟಕಟೆ) ಸೇರಿ, ಸವಾರ ಹಿಡಿದುಕೊಳ್ಳುವ ಹಿಡಿಕೆಯ ಪಟ್ಟಿಯಾದ ರಿಗ್ಗಿಂಗ್ ಬಿಗಿಯುವುದು ನಡೆದಿರುತ್ತದೆ. ನೀವು ಮೈಕ್ ಹಿಡಿದು ಐದು ನಿಮಿಷ ಎಳೆದರೆ ಇಕ್ಕಟ್ಟಿನಲ್ಲಿ ನಿಂತ ಕುದುರೆ ಒದೆಯುತ್ತದೆ, ಮುಂಗಾಲು ಎತ್ತುತ್ತದೆ, ಸವಾರನ ಕಾಲು ಕಂಬಿಗೂ ಕುದುರೆಗೂ ನಡುವೆ ಸಿಕ್ಕುತ್ತದೆ. ಗೂಳಿ ಸವಾರಿಯಾದ ಬುಲ್ ರೈಡಿಂಗ್‌ಗೆ ಮುಂಚೆಯೂ ಇದೇ ಪಾಡು. ನನ್ನ ಮಟ್ಟಿಗೆ ಸರಿಯಾದ ಹೊತ್ತೆಂದರೆ ಬ್ಯಾರೆಲ್ ರೇಸಿಂಗ್‌ಗೆ (ಪೀಪಾಯಿಗಳನ್ನು ಸುತ್ತಿ ಕುದುರೆ ಓಡಿಸುವ ಸ್ಪರ್ಧೆ) ಮುಂಚಿನ ಬಿಡುವು. ಆಗ ಟ್ರ್ಯಾಕ್ಟರ್ ನೆಲ ಸಮ ಮಾಡುತ್ತದೆ, ಮೂರು ಪೀಪಾಯಿಗಳನ್ನು ಅಳತೆಯ ಗುರುತಿಗೆ ಇಡುತ್ತಾರೆ, ಎಲೆಕ್ಟ್ರಾನಿಕ್ ಟೈಮರ್ ಹೊಂದಿಸುತ್ತಾರೆ. ಆ ಖಾಲಿ ಹೊತ್ತನ್ನು ರೋಡಿಯೋ ಕ್ಲೌನ್ ಹೇಗೂ ನಗಿಸಿ ತುಂಬಿಸಬೇಕು. ಅವನ ಹತ್ತಿರ ಮೊದಲೇ ಮಾತಾಡಿ ಎರಡು ನಿಮಿಷ ಕೇಳಿಕೊಳ್ಳಿ. ಆ ಎರಡು ನಿಮಿಷ ಟ್ರ್ಯಾಕ್ಟರ್ ಎಂಜಿನ್ ಆಫ್ ಇರಲಿ.

ತಮಾಷೆಯೆಂದರೆ ಆ ಹೊತ್ತಿಗೆ ಟ್ರ್ಯಾಕ್ಟರ್ ಮೇಲೆ ಇರಬೇಕಾದವರು ಅವರೇ! ಹಾಗಾಗಿ ಬದಲಿಗೆ ಒಬ್ಬರನ್ನು ಸಿದ್ಧಮಾಡದೆ ಅವರನ್ನು ಕರೆಯಲೇಬೇಡಿ. ಬದಲಿಯವನು ಮೊದಲ ಸಲ ಅಂದೇ ಹತ್ತಿದರೆ ಟ್ರ್ಯಾಕ್ಟರ್ ಹಿಂದಿನ ಕುಂಟೆಯ ಹಲ್ಲುಗಳನ್ನು ಎಲ್ಲಿ ಎಷ್ಟು ಇಳಿಸಬೇಕೆಂದು ತಿಳಿಯದೆ ಒಂದು ಪೀಪಾಯಿಯ ಸುತ್ತ ಗುಳಿ, ಇನ್ನೊಂದರ ಸುತ್ತ ಗಟ್ಟಿ ನೆಲ ಬಿಡುತ್ತಾನೆ. ತಿರುವಿನಲ್ಲಿ ಕುದುರೆ ಜಾರುವುದು ಅಲ್ಲೇ. ಅದನ್ನು ಕಂಡರೆ ಹಿರಿಯರು ಸನ್ಮಾನ ಬಿಟ್ಟು ಟ್ರ್ಯಾಕ್ಟರ್ ಕಡೆಗೆ ನಡೆದಾರು. ಬೆಳಗಿನ ಸ್ಲ್ಯಾಕ್ ಸ್ಪರ್ಧೆಗಳ (ಮುಖ್ಯ ಪ್ರದರ್ಶನದಲ್ಲಿ ಜಾಗ ಸಿಗದವರ ಸರದಿ) ಹೊತ್ತಿನಲ್ಲಿ ಅವರ ಕಣ್ಣೆದುರೇ ಬದಲಿಯವನಿಂದ ಎರಡು ಸಲ ನೆಲ ಎಳೆಸಿ. ಗೇಟಿಗೆ ಬೇರೆ ಇನ್ನೊಬ್ಬ ಬೇಕು; ಒಬ್ಬನಿಗೇ ಎರಡೂ ವಹಿಸಬೇಡಿ.

ಅನೌನ್ಸರ್‌ಗೆ ಕೊಡುವ ಚೀಟಿ ಒಂದು ನಿಮಿಷದ್ದು, ಇಂಗ್ಲಿಷಿನಲ್ಲಿ ಹೆಚ್ಚೆಂದರೆ 150 ಪದ. ಹೆಸರಿನ ಉಚ್ಚಾರಣೆ ಮೇಲೇ ಬರೆದಿಡಿ. ‘ನಿಸ್ವಾರ್ಥ ಸೇವೆ’ ಎಂಬಂಥ ಮಾತು ಯಾರಿಗಾದರೂ ಒಪ್ಪುತ್ತದೆ, ಅದನ್ನು ಹೊಡೆದುಹಾಕಿ. ಪ್ರದರ್ಶನಕ್ಕೆ ಮುಂಚೆ ನೆಲಕ್ಕೆ ನೀರು ಬಿಟ್ಟು, ಗಟ್ಟಿ ತಳದ ಮೇಲಿನ ಮೂರು ನಾಲ್ಕು ಅಂಗುಲ ಮಣ್ಣು ಸಡಿಲಿಸುವವರು ಇವರು ಎಂದು ಹೇಳಿಸಿ. ಕಂಬಳ ನೋಡಿದವರಿಗೆ ಇದು ಗೊತ್ತು: ಓಟದ ಕೆಸರುಗದ್ದೆಯಾದ ಕರೆ ಹದವಾಗಿರದಿದ್ದರೆ ಎಂಥ ಕೋಣವೂ ಓಡದು.

ಉಡುಗೊರೆಗೆ ಫಲಕಕ್ಕಿಂತ ಬೆಲ್ಟ್ ಬಕಲ್ ಮೇಲು. ಫಲಕ ಗೋಡೆ ಸೇರುತ್ತದೆ, ಬಕಲ್ ಸೊಂಟ ಸೇರುತ್ತದೆ. ಅಕ್ಷರ ಕೆತ್ತಿಸಿ ಮಾಡಿಸುವುದಾದರೆ ಎಂಟು ವಾರ ಮುಂಚೆ ಆರ್ಡರ್ ಕೊಡಿ, ಅಚ್ಚಿನ ಮಾದರಿಯನ್ನು ಇಬ್ಬರು ಓದಲಿ. ಮೇಲಿನ ಪಟ್ಟಿಯಲ್ಲಿ ರೋಡಿಯೋ ಹೆಸರು, ಕೆಳಗೆ ಅವರ ಕೆಲಸ, ವರ್ಷ, ಅಷ್ಟೇ. ‘ಚಾಂಪಿಯನ್’ ಎಂಬ ಪದ ಮಾತ್ರ ಹಾಕಿಸಬೇಡಿ. ಅದು ಸವಾರಿ ಮಾಡಿ ಗೆದ್ದವರ ಪದ, ಅದನ್ನು ಕಟ್ಟಿಕೊಳ್ಳಲು ಅವರಿಗೇ ಮುಜುಗರವಾದೀತು. ಇಂಥ ಬಕಲ್‌ಗಳು ಸಾಮಾನ್ಯವಾಗಿ ಒಂದೂವರೆ ಅಂಗುಲದ ಬೆಲ್ಟ್‌ಗೆ ಹೊಂದುತ್ತವೆ, ಅವರದು ಎಷ್ಟು ಅಗಲದ್ದೆಂದು ನೋಡಿಕೊಳ್ಳಿ. ಪ್ರಶಸ್ತಿಗೂ ಕೆಲಸದ ಹೆಸರನ್ನೇ ಇಡಿ. ವೃತ್ತಿಪರ ರೋಡಿಯೋ ಸಂಘವಾದ ಪಿಆರ್‌ಸಿಎ ಕೂಡ ಸೆಕ್ರೆಟರಿ, ಸಮಯ ಅಳೆಯುವ ಟೈಮರ್‌ಗಳಿಗೆಂದೇ ವಾರ್ಷಿಕ ಪ್ರಶಸ್ತಿ ಇಟ್ಟಿದೆ.

ನಗದು, ಗಿಫ್ಟ್ ಕಾರ್ಡ್ ಕೊಡುವ ಮುಂಚೆ ಖಜಾಂಚಿಯನ್ನು ಕೇಳಿ. ಲಾಭರಹಿತ ಸಂಸ್ಥೆಗಳ ಸ್ವಯಂಸೇವಕರಿಗೆ ಹೊಣೆಗಾರಿಕೆಯಿಂದ ರಕ್ಷಣೆ ಕೊಡುವ 1997ರ ಅಮೆರಿಕದ ಫೆಡರಲ್ ಕಾಯಿದೆಯ ಪ್ರಕಾರ, ಸಂಬಳದ ಬದಲಿಗೆಂದು ಕೊಡುವ ವಸ್ತುಗಳ ಬೆಲೆ ವರ್ಷಕ್ಕೆ 500 ಡಾಲರ್ ದಾಟಿದರೆ ಆ ವ್ಯಕ್ತಿ ಸ್ವಯಂಸೇವಕ ಎನ್ನಿಸಿಕೊಳ್ಳುವುದಿಲ್ಲ. ಕೆಲಸದ ಖರ್ಚನ್ನು ನ್ಯಾಯವಾಗಿ ತುಂಬಿಕೊಡುವುದು ಇದರಲ್ಲಿ ಸೇರದು.

ಅಚ್ಚರಿಗೆಂದು ಪೂರಾ ಮುಚ್ಚಿಡಬೇಡಿ. ಮನೆಯವರನ್ನು ವಿಚಾರಿಸಿ, ಜನರ ಮುಂದೆ ನಿಲ್ಲುವುದೇ ಹಿಂಸೆ ಎನ್ನುವವರಾದರೆ ಅಖಾಡ ಬಿಟ್ಟು ಸ್ವಯಂಸೇವಕರ ಊಟದಲ್ಲಿ ಕೊಡಿ. ಅಖಾಡದಲ್ಲೇ ಎಂದಾದರೆ ಮನೆಯವರಿಗೆ ಚೂಟ್ ಎದುರಿನ ಸಾಲಿನಲ್ಲಿ ಜಾಗ ಹಿಡಿದಿಡಿ. ಅವರ ಹೆಂಡತಿ ಆ ಹೊತ್ತಿಗೆ ತಿಂಡಿ ಅಂಗಡಿಯಲ್ಲಿ ಬರ್ಗರ್ ತಿರುವುತ್ತಿದ್ದರೆ, ಅಲ್ಲಿಗೂ ಒಬ್ಬ ಬದಲಿ ಬೇಕು.